ಬೆನ್ನಿಗೆ ಕಟ್ಟುವ ಪೆಟ್ರೋಲ್ ಬ್ಲೋವರ್

ಬೆನ್ನಿಗೆ ಕಟ್ಟುವ ಪೆಟ್ರೋಲ್ ಬ್ಲೋವರ್ ಎಂಬುದು ಸಣ್ಣ ಪೆಟ್ರೋಲ್ ಎಂಜಿನ್ನಿನ ಬಲದಿಂದ ರಭಸದ ಗಾಳಿಯನ್ನು ಹೊಮ್ಮಿಸಿ, ತರಗೆಲೆ, ಧೂಳು, ಹೊಟ್ಟು ಮೊದಲಾದ ಹಗುರ ವಸ್ತುಗಳನ್ನು ದೂಡುವ ಯಂತ್ರ. ಪಾಶ್ಚಾತ್ಯ ದೇಶಗಳಲ್ಲಿ ಇದು ಮುಖ್ಯವಾಗಿ ಉದ್ಯಾನಗಳ ಎಲೆ ಗುಡಿಸುವ ಸಾಧನವಾಗಿದ್ದರೆ, ಭಾರತದಲ್ಲಿ ತೋಟಗಾರಿಕೆ, ರಸ್ತೆ ಕಾಮಗಾರಿ ಮತ್ತು ಕಾಡ್ಗಿಚ್ಚಿನ ನಿಯಂತ್ರಣದಲ್ಲಿಯೂ ಬಳಕೆಯಲ್ಲಿದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಂತಹ ಒಣ ಬಯಲುಸೀಮೆಯಲ್ಲಿ ಈ ಯಂತ್ರದ ಬಾಳಿಕೆಯನ್ನು ನಿರ್ಧರಿಸುವುದು ಎಂಜಿನ್ನಿನ ಗಾತ್ರಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳು: ಎರೆಮಣ್ಣಿನ ಧೂಳು, ಬೇಸಿಗೆಯ ಬಿಸಿ ಮತ್ತು ಎಥೆನಾಲ್ ಬೆರೆತ ಪೆಟ್ರೋಲ್.

ಹೆಸರು ಮತ್ತು ಬಗೆಗಳು

‘ಬ್ಲೋವರ್’ ಎಂಬ ಪದವನ್ನು ಒಂದಕ್ಕಿಂತ ಹೆಚ್ಚು ಯಂತ್ರಗಳಿಗೆ ಬಳಸಲಾಗುತ್ತದೆ. ದ್ರಾಕ್ಷಿ ಬೆಳೆಯುವ ಪ್ರದೇಶಗಳಲ್ಲಿ ಬ್ಲೋವರ್ ಎಂದರೆ ಸಾಮಾನ್ಯವಾಗಿ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ, ದೊಡ್ಡ ಫ್ಯಾನಿನ ಔಷಧ ಸಿಂಪಡಣೆ ಯಂತ್ರ. ಬೆನ್ನಿಗೆ ಕಟ್ಟುವ ಯಂತ್ರಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಗಾಳಿಯನ್ನಷ್ಟೇ ಬೀಸುವ ಎಲೆ ಬ್ಲೋವರ್. ಎರಡನೆಯದು ಅದೇ ರಚನೆಯ ಮೇಲೆ ಔಷಧದ ತೊಟ್ಟಿಯನ್ನು ಕೂರಿಸಿದ ಪವರ್ ಸ್ಪ್ರೇಯರ್; ಇದು ಗಾಳಿಯ ರಭಸದಿಂದ ದ್ರಾವಣವನ್ನು ಮಂಜಿನಂತೆ ಒಡೆದು ಚೆಲ್ಲುತ್ತದೆ. ಎರಡಕ್ಕೂ ಎಂಜಿನ್, ಗಾಳಿಯ ಚಕ್ರ ಮತ್ತು ಕೊಳವೆಗಳು ಒಂದೇ ತೆರನಾಗಿರುವುದರಿಂದ, ಒಂದರ ನಿರ್ವಹಣೆ ತಿಳಿದವರಿಗೆ ಇನ್ನೊಂದರದೂ ತಿಳಿದಂತೆಯೇ. ಆದರೆ ಪಂಪಿನ ಒತ್ತಡದಿಂದ ದ್ರಾವಣವನ್ನು ಚಿಮ್ಮಿಸುವ ಸಿಂಪಡಣೆ ಯಂತ್ರಗಳಲ್ಲಿ ಗಾಳಿಯ ಚಕ್ರವಿರುವುದಿಲ್ಲ. ಅವು ಈ ಗುಂಪಿಗೆ ಸೇರುವುದಿಲ್ಲ.

ರಚನೆ ಮತ್ತು ಕಾರ್ಯವಿಧಾನ

ಯಂತ್ರದ ಹೃದಯಭಾಗವು ಗಾಳಿಯಿಂದ ತಂಪಾಗುವ ಎಂಜಿನ್. ಇದು ಬಹುತೇಕ ಎರಡು ಸ್ಟ್ರೋಕಿನದಾಗಿದ್ದು, ಬಲಿಷ್ಠ ಮಾದರಿಗಳಲ್ಲಿ ಸುಮಾರು 50ರಿಂದ 80 ಸಿ.ಸಿ. ಗಾತ್ರವಿರುತ್ತದೆ. ಎಂಜಿನ್ನಿನ ದಂಡಕ್ಕೆ ನೇರವಾಗಿ ಜೋಡಿಸಿದ ರೆಕ್ಕೆಚಕ್ರವು ಬಸವನಹುಳುವಿನ ಚಿಪ್ಪಿನಾಕಾರದ ಕವಚದೊಳಗೆ ತಿರುಗುತ್ತದೆ. ಚಕ್ರದ ನಡುವಿನಿಂದ ಒಳಬಂದ ಗಾಳಿಯು ಅಂಚಿನತ್ತ ಎಸೆಯಲ್ಪಟ್ಟು, ಕವಚದಲ್ಲಿ ಒಗ್ಗೂಡಿ, ಸುಕ್ಕುಗೊಳವೆಯ ಮೂಲಕ ಕೈಯಲ್ಲಿ ಹಿಡಿದ ನಳಿಕೆಗೆ ಬರುತ್ತದೆ. ಕಣದಲ್ಲಿ ಗಾಳಿ ಬಂದಾಗ ರಾಶಿ ತೂರಿದರೆ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುವ ತತ್ತ್ವವೇ ಇಲ್ಲಿಯೂ ಇದೆ: ಹಗುರವಾದುದು ಗಾಳಿಯೊಡನೆ ಸಾಗುತ್ತದೆ, ಭಾರವಾದುದು ಉಳಿಯುತ್ತದೆ.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತ್ಯೇಕ ಎಣ್ಣೆಯ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್, ಸಿಲಿಂಡರ್ ಮತ್ತು ಬೇರಿಂಗುಗಳಿಗೆ ಜಾರುವಿಕೆಯನ್ನು ಕೊಡುತ್ತದೆ. ಆದುದರಿಂದ ಇಂಧನದ ದೋಷವು ಇಲ್ಲಿ ನೇರವಾಗಿ ಎಂಜಿನ್ನಿನ ಸವೆತವಾಗಿ ಪರಿಣಮಿಸುತ್ತದೆ.

ಬಲದ ಅಳತೆ

ಬ್ಲೋವರಿನ ಬಲವನ್ನು ಸೂಚಿಸಲು ಮೂರು ಅಂಕಿಗಳನ್ನು ಕೊಡಲಾಗುತ್ತದೆ.

ಗಾಳಿಯ ಪ್ರಮಾಣ: ಗಂಟೆಗೆ ಇಷ್ಟು ಘನ ಮೀಟರ್ ಎಂದೋ, ನಿಮಿಷಕ್ಕೆ ಇಷ್ಟು ಘನ ಅಡಿ ಎಂದೋ ಇದನ್ನು ಹೇಳುತ್ತಾರೆ. ನಿಮಿಷಕ್ಕೆ 1 ಘನ ಅಡಿ ಎಂದರೆ ಗಂಟೆಗೆ ಸುಮಾರು 1.7 ಘನ ಮೀಟರ್.

ಗಾಳಿಯ ವೇಗ: ನಳಿಕೆಯ ಬಾಯಲ್ಲಿ ಗಾಳಿ ಹೊರಡುವ ವೇಗ. ನಳಿಕೆಯನ್ನು ಕಿರಿದಾಗಿಸಿ ಈ ಅಂಕಿಯನ್ನು ಹೆಚ್ಚಿಸಬಹುದು. ಆದರೆ ಆಗ ಪ್ರಮಾಣ ಕಡಿಮೆಯಾಗುತ್ತದೆ.

ತಳ್ಳುವ ಬಲ: ಪ್ರಮಾಣ ಮತ್ತು ವೇಗ ಎರಡೂ ಸೇರಿ ಉಂಟಾಗುವ ಬಲ. ಇದನ್ನು ನ್ಯೂಟನ್ ಎಂಬ ಮಾನದಿಂದ ಅಳೆಯುತ್ತಾರೆ. 1 ನ್ಯೂಟನ್ ಎಂದರೆ ಸುಮಾರು 100 ಗ್ರಾಂ ತೂಕದ ವಸ್ತು ಅಂಗೈಯನ್ನು ಒತ್ತುವಷ್ಟು ಬಲ.

ಎರಡು ಯಂತ್ರಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಗಂಟೆಗೆ 600 ಘನ ಮೀಟರ್ ಗಾಳಿಯನ್ನು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಬೀಸುತ್ತದೆ. ಇನ್ನೊಂದು ಗಂಟೆಗೆ 1,200 ಘನ ಮೀಟರ್ ಗಾಳಿಯನ್ನು ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಬೀಸುತ್ತದೆ. ಒಂದು ಘನ ಮೀಟರ್ ಗಾಳಿಯ ತೂಕ 1.2 ಕಿ.ಗ್ರಾಂ ಎಂದಿಟ್ಟುಕೊಂಡರೆ, ಮೊದಲನೆಯದು ಸೆಕೆಂಡಿಗೆ 0.2 ಕಿ.ಗ್ರಾಂ ಗಾಳಿಯನ್ನು ಎಸೆಯುತ್ತದೆ. ಅದರ ಬಲ 20 ನ್ಯೂಟನ್. ಎರಡನೆಯದು 0.4 ಕಿ.ಗ್ರಾಂ ಗಾಳಿಯನ್ನು ಎಸೆಯುತ್ತದೆ. ಅದರ ಬಲ 32 ನ್ಯೂಟನ್. ವೇಗದ ಅಂಕಿ ಕಡಿಮೆಯಿದ್ದರೂ ಎರಡನೆಯ ಯಂತ್ರವೇ ಹೆಚ್ಚು ಕಸವನ್ನು ದೂಡಬಲ್ಲದು. ಜಾಹೀರಾತಿನಲ್ಲಿ ವೇಗವನ್ನು ಮಾತ್ರ ದಪ್ಪಕ್ಷರದಲ್ಲಿ ತೋರಿಸಿದ್ದರೆ ಉಳಿದೆರಡು ಅಂಕಿಗಳನ್ನು ಕೇಳಿ ತಿಳಿಯಬೇಕಾಗುತ್ತದೆ.

ಈ ಅಂಕಿಗಳು ಸ್ಥಳಕ್ಕೆ ತಕ್ಕಂತೆ ಬದಲಾಗುತ್ತವೆ. ಜಮಖಂಡಿಯು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಇಲ್ಲಿನ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ ತಂಪುಗಾಳಿಗಿಂತ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಿರುತ್ತದೆ. ಆಗ ಎಂಜಿನ್ನಿಗೆ ಸಿಗುವ ಆಮ್ಲಜನಕವೂ ನಳಿಕೆಯ ಗಾಳಿಯ ಭಾರವೂ ಅದೇ ಪ್ರಮಾಣದಲ್ಲಿ ತಗ್ಗುತ್ತವೆ. ಮಧ್ಯಾಹ್ನ ಸೋತಂತೆ ಕಾಣುವ ಯಂತ್ರವು ಬೆಳಗಿನ ಜಾವ ಚುರುಕಾಗಿರುವುದಕ್ಕೆ ಇದೇ ಕಾರಣ.

ಪ್ರಾದೇಶಿಕ ಬಳಕೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಾವರಿಯಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಕಬ್ಬು ಮುಖ್ಯ ಬೆಳೆಯಾಗಿದೆ. ದ್ರಾಕ್ಷಿ, ದಾಳಿಂಬೆ ಮತ್ತು ಅರಿಸಿನವನ್ನೂ ಬೆಳೆಯುತ್ತಾರೆ. ಎಲೆ ಗುಡಿಸುವುದಕ್ಕಷ್ಟೇ ಮೀಸಲಾದ ಬ್ಲೋವರ್ ಇಲ್ಲಿ ಹೊಸತು; ತೋಟಗಾರರಿಗೆ ಅದಕ್ಕಿಂತ ಪವರ್ ಸ್ಪ್ರೇಯರ್ ಹೆಚ್ಚು ಪರಿಚಿತ.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ರವದಿಯನ್ನು ಬ್ಲೋವರಿನಿಂದ ಪೂರ್ತಿಯಾಗಿ ಒಟ್ಟುಗೂಡಿಸುವುದು ಸಾಧ್ಯವಿಲ್ಲ. ಉದ್ದನೆಯ ಎಲೆಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತಾಗಿರುವುದರಿಂದ ಗಾಳಿಗೆ ಏಳುವುದಿಲ್ಲ. ಅದಕ್ಕೆ ರವದಿ ಕತ್ತರಿಸುವ ಯಂತ್ರವೇ ಸರಿ. ಪುಡಿಯಾದ ರವದಿಯನ್ನು ಹೊಲದಲ್ಲಿಯೇ ಹೊದಿಕೆಯಾಗಿ ಉಳಿಸಿದರೆ ತೇವ ಕಾಯುತ್ತದೆ, ಮಣ್ಣಿಗೆ ಸಾವಯವ ಅಂಶವೂ ಸೇರುತ್ತದೆ. ಆದರೆ ಹೊಲದ ಬದುವಿನ ಮೇಲೆ, ಪಂಪ್‌ಸೆಟ್ಟಿನ ಮನೆಯ ಸುತ್ತ ಮತ್ತು ವಿದ್ಯುತ್ ಪರಿವರ್ತಕದ ಕೆಳಗೆ ಚದುರಿದ ಒಣ ಎಲೆಯನ್ನು ಸರಿಸಿ, ಬೆಂಕಿ ಹಬ್ಬದಂತೆ ಬಯಲು ಪಟ್ಟಿಯನ್ನು ಮಾಡಲು ಬ್ಲೋವರ್ ಉಪಯುಕ್ತ.

ಇದೇ ತತ್ತ್ವವು ಕಾಡಿನಲ್ಲಿಯೂ ಅನ್ವಯವಾಗುತ್ತದೆ. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವನ್ನು 2016ರಲ್ಲಿ ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 96 ಚದರ ಕಿ.ಮೀ. ಇಂತಹ ಒಣ ಕುರುಚಲು ಕಾಡುಗಳಲ್ಲಿ ಬೇಸಿಗೆಗೆ ಮುನ್ನ ಬೆಂಕಿ ರೇಖೆಗಳನ್ನು ಶುಚಿಗೊಳಿಸುವುದು ಮುಖ್ಯ ಕೆಲಸ. ಭಾರತದ ಹಲವು ರಾಜ್ಯಗಳ ಅರಣ್ಯ ಇಲಾಖೆಗಳು ಇದಕ್ಕಾಗಿ ಬ್ಲೋವರ್‌ಗಳನ್ನು ಬಳಸುತ್ತವೆ. 2021ರಲ್ಲಿ ಒಡಿಶಾದ ಸಿಮಿಲಿಪಾಲ್ ಅರಣ್ಯದ ಕಾಡ್ಗಿಚ್ಚನ್ನು ಹತೋಟಿಗೆ ತರುವಲ್ಲಿಯೂ ಇವು ಬಳಕೆಯಾದವು. ನೆಲದ ಮೇಲೆ ತಗ್ಗಾಗಿ ಹಬ್ಬುವ ಬೆಂಕಿಯ ಮುಂದಿನ ತರಗೆಲೆಯನ್ನು, ಈಗಾಗಲೇ ಸುಟ್ಟ ಭಾಗದ ಕಡೆಗೆ ದೂಡುವುದು ಕ್ರಮ. ತರಬೇತಿಯಿಲ್ಲದವರು ಉರಿಯುವ ಬೆಂಕಿಗೆ ಬ್ಲೋವರ್ ಹಿಡಿಯಬಾರದು. ಕೋನ ತಪ್ಪಿದರೆ ಅದೇ ಗಾಳಿ ಉರಿಯನ್ನು ಹೆಚ್ಚಿಸಿ, ಕಿಡಿಯನ್ನು ಪಕ್ಕದ ಕಬ್ಬಿಗೆ ಒಯ್ಯುತ್ತದೆ.

ನೇಕಾರಿಕೆಗೆ ಹೆಸರಾದ ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳ ಮೇಲೆ ಹತ್ತಿಯ ನಯವಾದ ಎಳೆಗಳು ಕೂರುತ್ತವೆ. ಮಗ್ಗದ ಶೆಡ್ಡಿನೊಳಗೆ ಪೆಟ್ರೋಲ್ ಬ್ಲೋವರನ್ನು ಎಂದಿಗೂ ಬಳಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಜಾಗದಲ್ಲಿ ಪ್ರಾಣಕ್ಕೇ ಅಪಾಯಕಾರಿ; ಬಿಸಿ ಸೈಲೆನ್ಸರಿಗೆ ಹತ್ತಿಯ ಎಳೆ ತಾಗಿದರೆ ಬೆಂಕಿ ಹತ್ತಬಹುದು. ಗಾಳಿಯಲ್ಲಿ ಹಾರಿದ ಹತ್ತಿಯ ಧೂಳು ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕಾರಣವಾಗುವುದರಿಂದ, ಇಲ್ಲಿ ಬೀಸುವ ಯಂತ್ರಕ್ಕಿಂತ ಹೀರುವ ವಿದ್ಯುತ್ ಯಂತ್ರವೇ ಯೋಗ್ಯ.

ಡಾಂಬರು ರಸ್ತೆಯ ಕಾಮಗಾರಿಯಲ್ಲಿ ಹೊಸ ಪದರ ಹಾಕುವ ಮೊದಲು ಹಳೆಯ ಪದರದ ಧೂಳನ್ನು ತೆಗೆಯುವುದಕ್ಕೂ, ದೊಡ್ಡ ಅಂಗಳ ಮತ್ತು ಆಟದ ಮೈದಾನಗಳ ಬೇವಿನೆಲೆ ಸರಿಸುವುದಕ್ಕೂ ಈ ಯಂತ್ರ ಒದಗುತ್ತದೆ.

ಆಯ್ಕೆ

ಕೊಳ್ಳುವ ಮೊದಲು ಕೆಲಸದ ಸ್ವರೂಪವನ್ನು ನಿಶ್ಚಯಿಸಿಕೊಳ್ಳುವುದು ಅಗತ್ಯ. ಮನೆಯಂಗಳ, ಸಣ್ಣ ಕಣ ಅಥವಾ ಗುಡಿಯ ಪ್ರಾಕಾರಕ್ಕೆ ಕಸಬರಿಗೆ ಇಲ್ಲವೇ ಕೈಯಲ್ಲಿ ಹಿಡಿಯುವ ವಿದ್ಯುತ್ ಬ್ಲೋವರ್ ಸಾಕು. ಎಕರೆಗಟ್ಟಲೆ ತೋಟ, ಕಿಲೋಮೀಟರುಗಟ್ಟಲೆ ಬೆಂಕಿ ರೇಖೆ ಅಥವಾ ರಸ್ತೆ ಇದ್ದಾಗ ಮಾತ್ರ ಬೆನ್ನಿಗೆ ಕಟ್ಟುವ ಬಲಿಷ್ಠ ಯಂತ್ರಕ್ಕೆ ಅರ್ಥವಿದೆ. ವರ್ಷಕ್ಕೆ ನಾಲ್ಕಾರು ದಿನದ ಕೆಲಸವಾದರೆ ಬಾಡಿಗೆಗೆ ಪಡೆಯುವುದೇ ಮೇಲು. ಬಳಸದೆ ನಿಂತ ಎರಡು ಸ್ಟ್ರೋಕಿನ ಎಂಜಿನ್ ಬಳಸಿದ ಎಂಜಿನ್ನಿಗಿಂತ ಬೇಗ ಕೆಡುತ್ತದೆ.

ತೂಕ: ಬಲಿಷ್ಠ ಮಾದರಿಗಳು ಇಂಧನವಿಲ್ಲದೆಯೇ ಸುಮಾರು 9ರಿಂದ 12 ಕಿ.ಗ್ರಾಂ ತೂಗುತ್ತವೆ. ಸೊಂಟದ ಪಟ್ಟಿಯಿದ್ದರೆ ಭಾರವು ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಯಂತ್ರವನ್ನು ಬಳಸುವವನೇ ಅಂಗಡಿಯಲ್ಲಿ ಹೊತ್ತು, ಹತ್ತು ನಿಮಿಷ ನಡೆದು ನೋಡಬೇಕು.

ಗಾಳಿ ಸೋಸುವ ಜಾಲರಿ: ಎರೆಮಣ್ಣಿನ ಸೀಮೆಯಲ್ಲಿ ಇದು ಎಂಜಿನ್ನಿನ ಗಾತ್ರದಷ್ಟೇ ಮಹತ್ವದ್ದು. ಬರಿಯ ಸ್ಪಂಜಿನ ಫಿಲ್ಟರಿಗಿಂತ, ಮಡಿಕೆಗಳುಳ್ಳ ಕಾಗದದ ದೊಡ್ಡ ಫಿಲ್ಟರು ಸಣ್ಣ ಧೂಳನ್ನು ಚೆನ್ನಾಗಿ ತಡೆಯುತ್ತದೆ. ಉಪಕರಣವಿಲ್ಲದೆ ಬಿಚ್ಚಿ ಹಾಕುವಂತಿದ್ದರೆ ದಿನವೂ ಶುಚಿಗೊಳಿಸುವ ಅಭ್ಯಾಸ ಉಳಿಯುತ್ತದೆ.

ಕಂಪನ: ಎಂಜಿನ್ನಿಗೂ ಬೆನ್ನಿನ ಚೌಕಟ್ಟಿಗೂ ನಡುವೆ ಸ್ಪ್ರಿಂಗ್ ಅಥವಾ ರಬ್ಬರಿನ ಆಸರೆ ಇರಬೇಕು.

ಬಿಡಿಭಾಗ ಮತ್ತು ದುರಸ್ತಿ: ಸ್ಟಿಲ್, ಹಸ್ಕ್‌ವಾರ್ನಾ, ಎಕೋ ಮೊದಲಾದ ವಿದೇಶಿ ಕಂಪನಿಗಳೂ ಪವರ್ ಸ್ಪ್ರೇಯರ್‌ಗಳಲ್ಲಿ ಆಸ್ಪಿಯಂತಹ ಭಾರತೀಯ ಕಂಪನಿಗಳೂ ಇವೆ. ಹೆಸರು ಯಾವುದೇ ಇರಲಿ, ಕಾರ್ಬ್ಯುರೇಟರಿನ ಪೊರೆ, ಫಿಲ್ಟರು, ಸ್ಟಾರ್ಟರ್ ಹಗ್ಗ ಮತ್ತು ಪ್ಲಗ್ ಹತ್ತಿರದ ಪಟ್ಟಣದಲ್ಲಿ ಸಿಗುವಂತಿರಬೇಕು. ಸುಗ್ಗಿಯ ಹೊತ್ತಿನಲ್ಲಿ ಒಂದು ಪೊರೆಗಾಗಿ ಹದಿನೈದು ದಿನ ಕಾಯುವಂತಾದರೆ ಯಂತ್ರದ ಬಲದಿಂದ ಪ್ರಯೋಜನವಿಲ್ಲ.

ಇಂಧನ

ಎಣ್ಣೆ ಬೆರೆಸುವ ಪ್ರಮಾಣವನ್ನು ಯಂತ್ರದ ಕೈಪಿಡಿಯಲ್ಲಿ ಇರುವಂತೆಯೇ ಪಾಲಿಸಬೇಕು. ಸಾಮಾನ್ಯ ಪ್ರಮಾಣಗಳು ಹೀಗಿವೆ:

50ಕ್ಕೆ 1: ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., 5 ಲೀಟರಿಗೆ 100 ಮಿ.ಲೀ.
40ಕ್ಕೆ 1: ಒಂದು ಲೀಟರಿಗೆ 25 ಮಿ.ಲೀ., 5 ಲೀಟರಿಗೆ 125 ಮಿ.ಲೀ.
25ಕ್ಕೆ 1: ಒಂದು ಲೀಟರಿಗೆ 40 ಮಿ.ಲೀ., 5 ಲೀಟರಿಗೆ 200 ಮಿ.ಲೀ.

ಅಳತೆಯ ಲೋಟವನ್ನೇ ಬಳಸಬೇಕು. ಬಾಟಲಿಯ ಮುಚ್ಚಳದ ಅಂದಾಜು ಸಾಲದು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ; ಹೆಚ್ಚಾದರೆ ಹೊಗೆ ಬಂದು ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಗಾಳಿಯಿಂದ ತಂಪಾಗುವ ಎರಡು ಸ್ಟ್ರೋಕಿನ ಎಂಜಿನ್ನಿಗೆಂದೇ ತಯಾರಾದ, ಜಾಸೋ ಎಫ್‌ಡಿ ದರ್ಜೆಯ ಎಣ್ಣೆಯು ಉತ್ತಮ. ಕಾರು ಅಥವಾ ಟ್ರ್ಯಾಕ್ಟರಿನ ಎಂಜಿನ್ ಆಯಿಲ್ ಇದಕ್ಕೆ ತಕ್ಕುದಲ್ಲ.

ಭಾರತದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ನಿಗದಿಪಡಿಸಿ, ಬಳಿಕ 2025ಕ್ಕೆ ಹಿಂದೂಡಲಾಯಿತು. ಈ ಎಥೆನಾಲಿನ ಒಂದು ಪಾಲು ಕಬ್ಬಿನಿಂದಲೇ ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿಯೂ ಎಥೆನಾಲ್ ಉತ್ಪಾದನೆಯಿದೆ. ರೈತನ ಹೊಲದಿಂದ ಹೋದ ಕಬ್ಬು ಹೀಗೆ ಅವನ ಯಂತ್ರದ ತೊಟ್ಟಿಗೆ ಮರಳಿ ಬರುತ್ತದೆ. ಹೊಸ ವಾಹನಗಳು ಇದಕ್ಕೆ ಹೊಂದಿಕೊಂಡಿದ್ದರೂ ಸಣ್ಣ ಎಂಜಿನ್‌ಗಳ ವಿಷಯ ಬೇರೆ. ಹಲವು ಬ್ಲೋವರ್‌ಗಳ ಕೈಪಿಡಿಗಳು ಎಥೆನಾಲಿನ ಮಿತಿಯನ್ನು ಶೇ. 10 ಎಂದು ಹೇಳುತ್ತವೆ. ಆದುದರಿಂದ ಕೊಳ್ಳುವಾಗಲೇ ಶೇ. 20ರ ಪೆಟ್ರೋಲ್ ಒಪ್ಪುವ ಮಾದರಿಯೇ ಎಂದು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಎಥೆನಾಲಿನಿಂದ ಮೂರು ತೊಂದರೆಗಳು ಬರುತ್ತವೆ. ಅದು ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಒಟ್ಟಾಗಿ ತೊಟ್ಟಿಯ ತಳಕ್ಕೆ ಇಳಿಯುತ್ತವೆ. ಇಂಧನ ಹೀರುವ ಕೊಳವೆಯ ಬಾಯಿ ಇರುವುದು ಆ ತಳದಲ್ಲಿಯೇ. ಆ ಪದರದಲ್ಲಿ ಎಣ್ಣೆಯ ಅಂಶ ಬಹಳ ಕಡಿಮೆಯಿರುವುದರಿಂದ ಎಂಜಿನ್ ಒಣಗಿ ಓಡಿದಂತಾಗುತ್ತದೆ. ಎರಡನೆಯದಾಗಿ, ಹಳೆಯ ರಬ್ಬರ್ ಕೊಳವೆ ಮತ್ತು ಪೊರೆಗಳು ಉಬ್ಬುತ್ತವೆ ಅಥವಾ ಬಿರುಸಾಗುತ್ತವೆ. ಮೂರನೆಯದಾಗಿ, ಎಥೆನಾಲಿನಲ್ಲಿ ಆಮ್ಲಜನಕವಿರುವುದರಿಂದ ಮಿಶ್ರಣವು ತೆಳುವಾಗಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಪರಿಹಾರ ಸರಳವಾದುದು: ಒಂದೆರಡು ದಿನಕ್ಕೆ ಬೇಕಾದಷ್ಟನ್ನೇ ಬೆರೆಸುವುದು, ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ನೆರಳಿನಲ್ಲಿಡುವುದು, ತಿಂಗಳು ಮೀರಿದ ಮಿಶ್ರಣವನ್ನು ಯಂತ್ರಕ್ಕೆ ಹಾಕದಿರುವುದು.

ನಿರ್ವಹಣೆ

ಪ್ರತಿದಿನ: ಕೆಲಸ ಮುಗಿದ ಮೇಲೆ ಎಂಜಿನ್ ಆರಿದ ನಂತರ ಗಾಳಿಯ ಫಿಲ್ಟರನ್ನು ತೆಗೆದು ಮೆಲ್ಲನೆ ತಟ್ಟಿ ಧೂಳು ಉದುರಿಸಬೇಕು. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು, ಕಾಗದದ್ದನ್ನು ತೊಳೆಯಬಾರದು. ಹರಿದ ಫಿಲ್ಟರಿನಿಂದ ಒಂದು ದಿನವೂ ಓಡಿಸಬಾರದು; ಎರೆಮಣ್ಣಿನ ಸಣ್ಣ ಕಣವು ಎಣ್ಣೆಯೊಡನೆ ಸೇರಿ ಸಿಲಿಂಡರನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಗಾಳಿ ಒಳಬರುವ ಜಾಲರಿಗೆ ಅಂಟಿದ ಎಲೆಯನ್ನೂ ತೆಗೆಯಬೇಕು.

ಪ್ರತಿವಾರ: ಸಿಲಿಂಡರಿನ ತಂಪುರೆಕ್ಕೆಗಳ ನಡುವಿನ ಕಸವನ್ನು ಮೃದು ಕುಂಚದಿಂದ ತೆಗೆಯಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಬೇಕು. ತಿಳಿಗಂದು ಬಣ್ಣವಿದ್ದರೆ ಮಿಶ್ರಣ ಸರಿಯಿದೆ. ಕಪ್ಪು ಮಸಿಯಿದ್ದರೆ ಎಣ್ಣೆ ಹೆಚ್ಚು ಅಥವಾ ಫಿಲ್ಟರು ಕಟ್ಟಿದೆ. ಬಿಳಿಚಿದ್ದರೆ ಎಂಜಿನ್ ಮಿತಿಮೀರಿ ಬಿಸಿಯಾಗಿದೆ. ಪ್ಲಗ್ಗಿನ ಅಂತರವು ಬಹುತೇಕ ಯಂತ್ರಗಳಲ್ಲಿ 0.5ರಿಂದ 0.7 ಮಿ.ಮೀ. ಇರುತ್ತದೆ. ಸುಕ್ಕುಗೊಳವೆಯ ಪಟ್ಟಿ, ಹೆಗಲಪಟ್ಟಿಯ ಹೊಲಿಗೆ, ಬೋಲ್ಟುಗಳನ್ನು ಪರೀಕ್ಷಿಸಬೇಕು.

ಹಂಗಾಮಿಗೊಮ್ಮೆ: ತೊಟ್ಟಿಯೊಳಗಿನ ಇಂಧನ ಫಿಲ್ಟರು ಮತ್ತು ಪ್ಲಗ್ಗನ್ನು ಬದಲಿಸಬೇಕು. ಸೈಲೆನ್ಸರಿನ ಕಿಡಿ ತಡೆಯುವ ಜಾಲರಿಯನ್ನು ಶುಚಿಗೊಳಿಸಬೇಕು. ಒಣ ರವದಿಯ ನಡುವೆ ಕೆಲಸ ಮಾಡುವ ಯಂತ್ರದಲ್ಲಿ ಈ ಜಾಲರಿಯನ್ನು ಕಿತ್ತೆಸೆಯುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಕಾರ್ಬ್ಯುರೇಟರಿನ ತಿರುಪುಗಳನ್ನು ಬಲ್ಲ ಮೆಕ್ಯಾನಿಕ್‌ನಿಂದ ಮಾತ್ರ ಹೊಂದಿಸಬೇಕು.

ಶೇಖರಣೆ: ತಿಂಗಳಿಗೂ ಹೆಚ್ಚು ಕಾಲ ಬಳಸುವುದಿಲ್ಲವಾದರೆ ತೊಟ್ಟಿಯನ್ನು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಪ್ಲಗ್ ತೆಗೆದು ಒಂದು ಚಮಚದಷ್ಟು ಎರಡು ಸ್ಟ್ರೋಕಿನ ಎಣ್ಣೆ ಹಾಕಿ, ಹಗ್ಗವನ್ನು ಮೂರು ನಾಲ್ಕು ಸಲ ಎಳೆದು, ಪ್ಲಗ್ ಮರಳಿ ಹಾಕಿ, ಇಲಿ ಬಾರದ ಒಣ ಜಾಗದಲ್ಲಿಡಬೇಕು.

ಸಾಮಾನ್ಯ ದೋಷಗಳು

ಎಂಜಿನ್ ಹೊತ್ತಿಕೊಳ್ಳದಿದ್ದರೆ ಮೊದಲು ಇಂಧನ ಹಳೆಯದೇ ಎಂದು ನೋಡಬೇಕು, ನಂತರ ಪ್ಲಗ್ ಒದ್ದೆಯಾಗಿದೆಯೇ ಎಂದು ಪರೀಕ್ಷಿಸಬೇಕು. ಹೊತ್ತಿಕೊಂಡು ವೇಗ ಕೊಟ್ಟೊಡನೆ ನಿಂತರೆ ಇಂಧನ ಫಿಲ್ಟರು, ತೊಟ್ಟಿಯ ಗಾಳಿರಂಧ್ರ ಅಥವಾ ಕಾರ್ಬ್ಯುರೇಟರಿನ ಪೊರೆ ಕಾರಣವಿರಬಹುದು. ಎಂಜಿನ್ನಿನ ಸದ್ದು ಸರಿಯಿದ್ದೂ ಗಾಳಿ ಕಡಿಮೆಯಾಗಿದ್ದರೆ ಒಳಜಾಲರಿ ಕಟ್ಟಿರಬಹುದು ಅಥವಾ ಸುಕ್ಕುಗೊಳವೆ ಸೀಳಿರಬಹುದು. ಯಂತ್ರವು ಒಮ್ಮೆಲೇ ಹೆಚ್ಚು ನಡುಗಿದರೆ ರೆಕ್ಕೆಚಕ್ರ ಮುರಿದಿರುವ ಸಾಧ್ಯತೆಯಿದೆ, ತಕ್ಷಣ ನಿಲ್ಲಿಸಬೇಕು.

ಸುರಕ್ಷತೆ

ಬಲಿಷ್ಠ ಬ್ಲೋವರಿನ ಸದ್ದು ಬಳಸುವವನ ಕಿವಿಯ ಬಳಿ ಅನೇಕ ವೇಳೆ 95 ಡೆಸಿಬಲ್ ಮೀರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ, 94ರಲ್ಲಿ 1 ಗಂಟೆ, 100ರಲ್ಲಿ 15 ನಿಮಿಷ ಮಾತ್ರ ರಕ್ಷಣೆಯಿಲ್ಲದೆ ಇರಬಹುದು. ಹೀಗೆ ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಹತ್ತಿಯ ಉಂಡೆಯನ್ನು ತುರುಕಿಕೊಳ್ಳುವುದು ಸಾಲದು. ಕಿವಿಯನ್ನು ಪೂರ್ತಿ ಮುಚ್ಚುವ ರಕ್ಷಕ ಬೇಕು. ಜೊತೆಗೆ ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖಗವಸು, ಮೈತುಂಬ ಬಟ್ಟೆ ಮತ್ತು ಗಟ್ಟಿ ಪಾದರಕ್ಷೆ ಅವಶ್ಯ. ರುಮಾಲು ಅಥವಾ ಸೆರಗಿನ ತುದಿಯನ್ನು ಯಂತ್ರವು ಹೀರದಂತೆ ಬಿಗಿಯಾಗಿ ಕಟ್ಟಿಕೊಳ್ಳಬೇಕು.

ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬಾರದು. ಹತ್ತು ನಿಮಿಷ ಆರಲು ಬಿಟ್ಟು, ರವದಿ ಮತ್ತು ಬೀಡಿ-ಸಿಗರೇಟಿನಿಂದ ದೂರ, ಬರಿನೆಲದ ಮೇಲಿಟ್ಟು ತುಂಬಬೇಕು. ತುಂಬಿದ ಜಾಗದಲ್ಲಿಯೇ ಎಂಜಿನ್ ಚಾಲೂ ಮಾಡದೆ ಕೆಲವು ಹೆಜ್ಜೆ ದೂರ ಒಯ್ಯಬೇಕು. ನಳಿಕೆಯನ್ನು ಜನ, ದನಕರುಗಳ ಕಡೆಗೆ ತಿರುಗಿಸಬಾರದು.

ಕೀಟನಾಶಕ ಸಿಂಪಡಿಸಿದ ಪವರ್ ಸ್ಪ್ರೇಯರಿನ ತೊಟ್ಟಿಯನ್ನು ತೆಗೆದು ಅದನ್ನೇ ಬ್ಲೋವರಾಗಿ ಬಳಸುವ ಆಲೋಚನೆ ಸಹಜವಾದರೂ ಅಪಾಯಕರ. ತೊಳೆದ ನಂತರವೂ ಕೊಳವೆಯ ಸುಕ್ಕುಗಳಲ್ಲಿ ವಿಷದ ಅಂಶ ಉಳಿಯಬಹುದು. ಅಂತಹ ಯಂತ್ರವನ್ನು ಕಣದ ಜೋಳದ ರಾಶಿಗೆ, ಅರಿಸಿನ ಒಣಗಿಸುವ ಅಂಗಳಕ್ಕೆ, ಶಾಲೆಯ ಮೈದಾನಕ್ಕೆ ಬಳಸಬಾರದು. ಆಹಾರಧಾನ್ಯದ ಬಳಿ ಬಳಸುವ ಯಂತ್ರವನ್ನು ಪ್ರತ್ಯೇಕವಾಗಿಯೇ ಇಡಬೇಕು.

ಪರಿಸರ ಮತ್ತು ಕಾನೂನು

ಸಾಂಪ್ರದಾಯಿಕ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಇಂಧನದ ಗಣನೀಯ ಭಾಗವು ಉರಿಯದೆಯೇ ಹೊಗೆಯೊಡನೆ ಹೊರಬೀಳುತ್ತದೆ. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಲೆಕ್ಕದಂತೆ, ಇಂತಹ ವಾಣಿಜ್ಯ ಬ್ಲೋವರ್ ಒಂದು ಗಂಟೆ ಓಡಿದರೆ ಹೊಂಜಿಗೆ ಕಾರಣವಾಗುವ ಮಾಲಿನ್ಯವು 2016ರ ಮಾದರಿಯ ಕಾರೊಂದು ಸುಮಾರು 1,770 ಕಿ.ಮೀ. ಓಡಿದಾಗಿನಷ್ಟಿರುತ್ತದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದಲ್ಲಿ 2022ರ ಜನವರಿ 1ರಿಂದ ಪೆಟ್ರೋಲ್ ಎಲೆ ಬ್ಲೋವರ್‌ಗಳ ಬಳಕೆಯನ್ನೇ ನಿಷೇಧಿಸಲಾಗಿದೆ.

ಭಾರತದಲ್ಲಿ ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ನಿಯಮನ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಶಾಲೆ, ಆಸ್ಪತ್ರೆ ಮತ್ತು ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ ಇನ್ನೂ ಕಡಿಮೆ ಮಿತಿಯಿದೆ. ಊರೊಳಗೆ ಬಳಸುವವರು ಶಾಲೆಯ ವೇಳೆ ಮತ್ತು ವಿಶ್ರಾಂತಿಯ ಹೊತ್ತನ್ನು ಬಿಟ್ಟು, ಕಡಿಮೆ ವೇಗದಲ್ಲಿ, ಸಾಧ್ಯವಾದರೆ ನೆಲಕ್ಕೆ ನೀರು ಚಿಮುಕಿಸಿ ಕೆಲಸ ಮಾಡುವುದು ಉಚಿತ.

ಬ್ಯಾಟರಿ ಬ್ಲೋವರ್‌ಗಳಲ್ಲಿ ಹೊಗೆಯಿಲ್ಲ, ಸದ್ದು ಕಡಿಮೆ, ಇಂಧನ ಬೆರೆಸುವ ಕೆಲಸವೂ ಇಲ್ಲ. ಆದರೆ ಪೂರ್ತಿ ಬಲದಲ್ಲಿ ಬಳಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಅಂಗಳ, ಗುಡಿ, ಶಾಲೆಗಳಂತಹ ವಿದ್ಯುತ್ ಸಮೀಪವಿರುವ ಜಾಗಗಳಿಗೆ ಇವು ತಕ್ಕವು. ವಿದ್ಯುತ್ತಿನಿಂದ ದೂರವಿರುವ ಬೆಂಕಿ ರೇಖೆ ಮತ್ತು ದೊಡ್ಡ ತೋಟಗಳಲ್ಲಿ ಪೆಟ್ರೋಲ್ ಯಂತ್ರದ ಬಳಕೆ ಮುಂದುವರಿದಿದೆ.